ವಿದ್ಯುಲ್ಲಯ

ಕಲೆಗಳು ಮನುಷ್ಯನ ಬಳಿಗೆ ಯಾವಾಗಲೂ ಹೆಬ್ಬಾಗಿಲಿನಿಂದಲೇ ಬರುತ್ತವೆಂದು ಹೇಳಲಾಗದು. ಎಷ್ಟೋ ವೇಳೆ ಅವು ಬೇರೊಂದು ಕಲೆಯ ಕೈಹಿಡಿದುಕೊಂಡು ಹಿತ್ತಿಲ ಬಾಗಿಲಿನಿಂದ ಒಳಹೊಗುತ್ತವೆ. ನಮ್ಮ ಬಳ್ಳಾರಿಯ ಹಿರಿಯರಲ್ಲಿ ಅನೇಕರಿಗೆ ರಾಗಗಳ ಪರಿಚಯವಾದುದು ನಾಟಕದ ರಂಗದಿಂದ. ಧರ್ಮವರಂ ರಾಮಕೃಷ್ಣಾಚಾರ್ಯರೂ ಕೋಲಾಚಲಂ ಶ್ರೀನಿವಾಸರಾಯರೂ ಈ ಊರಿನಲ್ಲಿ ನಾಟಕಗಳನ್ನು ರಚಿಸಿ ಆಡಿಸಿದರು. ಬಳ್ಳಾರಿ ರಾಘವರು ಆ ರಂಗಕ್ಕೆ ಕೀರ್ತಿಯನ್ನು ತಂದರು. ಕಥೆಯನ್ನು ನೋಡಲು ಹೋದವರು ಕಿವಿಯಲ್ಲಿ ರಾಗವನ್ನು ತುಂಬಿಕೊಂಡು ಮನೆಗೆ ಬಂದರು. ಅದೇ ರೀತಿಯಲ್ಲಿ ಚಲಚ್ಚಿತ್ರವೆಂಬ ಹಿತ್ತಿಲ ಬಾಗಿಲಿನಿಂದ ನನ್ನ ಬಳಿಗೆ ಬಂದ ಒಂದು ಸಂಗೀತದ ವಿಚಾರವನ್ನು ವಾಚಕರ ಮುಂದೆ ಇಡಬೇಕೆಂದಿದ್ದೇನೆ.

ಪಾಠಶಾಲೆಯಲ್ಲಿ ಅಮರಕೋಶ, ಲಘುಕೌಮುದಿಗಳನ್ನು ಬಾಯಿಪಾಠ ಮಾಡಿ, ಆಮೇಲೆ ಸಿರುಗುಪ್ಪ ಬಳ್ಳಾರಿಗಳಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿ ವಿಶ್ರಾಂತನಾದವನಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ಛಂದಸ್ಸನ್ನು ಕಲಿತವನಿಗೆ ತಾಳವು ಎಲ್ಲಿ ಕೇಳಿಸಿದರೂ ಅದು ಅವನ ಗೊಡವೆಯೇ ಸರಿ. ಎಲೆಕ್ಟ್ರಾನಿಕ್ ನೃತ್ಯಸಂಗೀತವೆಂದು ಲೋಕವು ಕರೆಯುವ ಈ ಬಗೆಗೆ ನಾನು ‘ವಿದ್ಯುಲ್ಲಯ’ವೆಂದು ಹೆಸರಿಟ್ಟುಕೊಂಡಿದ್ದೇನೆ. ವಿದ್ಯುತ್ ಎಂಬುದು ಲಯದೊಡನೆ ಸೇರುವಾಗ ತಕಾರವು ಲಕಾರವಾಗುವುದು ಪಾಣಿನಿಯ ನಿಯಮ. ಲಯವೆಂದರೆ ಕಾಲದ ಗತಿಯೂ ಹೌದು, ಕರಗಿಹೋಗುವಿಕೆಯೂ ಹೌದು. ಈ ಸಂಗೀತವನ್ನು ಕೇಳಿ ಕುಣಿಯುವವರು ಬಯಸುವುದು ಎರಡನೆಯ ಅರ್ಥವನ್ನೇ.

1953ರವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಊರಿನಲ್ಲಿ ತೆಲುಗು ಮಾತೂ ತೆಲುಗು ಚಿತ್ರಗಳೂ ಮನೆಯವೇ ಆಗಿವೆಯೆಂಬುದನ್ನು ಬಲ್ಲಿರಿ. 1987ರಲ್ಲಿ ಬಂದ ‘ಪ್ರೇಮಲೋಕ’ದಲ್ಲಿ ಹಂಸಲೇಖರು ಕಟ್ಟಿದ ಹಾಡುಗಳು ಹೋಟೆಲು, ಬಸ್ಸು, ಮದುವೆಯ ಚಪ್ಪರವೆನ್ನದೆ ಎಲ್ಲೆಲ್ಲಿಯೂ ಕೇಳಿಬಂದುವು, ಚರ್ಮವಾದ್ಯವೂ ಅಲ್ಲದ ತಂತಿವಾದ್ಯವೂ ಅಲ್ಲದ ಒಂದು ಹೊಸ ನಾದವನ್ನು ಅಲ್ಲಿಯೇ ನನ್ನ ಕಿವಿ ಮೊದಲು ಗುರುತಿಸಿತು. 1992ರಲ್ಲಿ ‘ರೋಜಾ’ ಬಂದಿತು. 1994ರ ತಮಿಳಿನ ‘ಕಾದಲನ್’ ತೆಲುಗಿನಲ್ಲಿ ‘ಪ್ರೇಮಿಕುಡು’ ಎಂಬ ಹೆಸರಿನಿಂದ ಬಂದಾಗಲಂತೂ ನನ್ನ ತರಗತಿಯ ಹಿಂದಿನ ಬೆಂಚಿನ ಹುಡುಗರ ಕಾಲುಗಳು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅದರಲ್ಲಿ ಕುಣಿದ ಪ್ರಭುದೇವರು ನಮ್ಮ ಮೈಸೂರು ಸೀಮೆಯ ಮೂಗೂರಿನ ಮನೆತನದವರು, ಸಂಗೀತವು ಎ. ಆರ್. ರಹಮಾನರದು. ಕೌಲ್ ಬಜಾರಿನ ಮನೆಗಳಲ್ಲಿ ಜೀನ್ಸಿನ ಬಟ್ಟೆಯನ್ನು ಹೊಲಿಯುತ್ತಿದ್ದವರು ಟೇಪ್‌ರೆಕಾರ್ಡರಿನಲ್ಲಿ ಇವೇ ಹಾಡುಗಳನ್ನು ಹಾಕಿಕೊಳ್ಳುತ್ತಿದ್ದರು. ಹೊಲಿಗೆಯ ಯಂತ್ರದ ಸದ್ದು ಯಾವುದು, ಹಾಡಿನ ತಾಳ ಯಾವುದು ಎಂದು ಬೀದಿಯಲ್ಲಿ ಹೋಗುವವನಿಗೆ ಬೇರೆಬೇರೆಯಾಗಿ ತಿಳಿಯುತ್ತಿರಲಿಲ್ಲ. 1998ರಲ್ಲಿ ‘ಜೀನ್ಸ್’ ಎಂಬ ಹೆಸರಿನ ಚಿತ್ರವೇ ರಹಮಾನರ ಸಂಗೀತದೊಡನೆ ಬಂದಾಗ ಆ ಬೀದಿಯವರು ಅದನ್ನು ತಮ್ಮದೆಂದೇ ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಆ ನಾದದ ಮೂಲವು ಯಾವುದೆಂಬ ವಿಷಯವು ನನಗೆ ತಿಳಿದುದು ವಿಶ್ರಾಂತಿಯ ದಿನಗಳಲ್ಲಿ. ರಜೆಗೆ ಬಂದಿದ್ದ ಮಗಳ ಮಗನು ಒಂದು ಸಂಜೆ ಜರ್ಮನ್ ಭಾಷೆಯ ಚಿತ್ರವೊಂದನ್ನು ತೋರಿಸಿದನು. ಇಂಗ್ಲಿಷಿನಲ್ಲಿ ಅದರ ಹೆಸರು ‘ರನ್ ಲೋಲಾ ರನ್’, 1998ರದು. ಲೋಲಾ ಎಂಬ ತರುಣಿಯು ತನ್ನ ಪ್ರಿಯನನ್ನು ಉಳಿಸಲು ಇಪ್ಪತ್ತು ನಿಮಿಷಗಳಲ್ಲಿ ಒಂದು ಲಕ್ಷ ಮಾರ್ಕುಗಳನ್ನು ಹೊಂದಿಸಬೇಕು. ಆಕೆ ಓಡುತ್ತಾಳೆ. ಅದೇ ಕಥೆ ಮೂರು ಸಲ ಮೊದಲಿನಿಂದ ಆವರ್ತಿಸುತ್ತದೆ. ಮೂರು ಸಲವೂ ಬೇರೆ ಮುಕ್ತಾಯ. ಅವಳ ಓಟದ ಕೆಳಗೆ ಎಡೆಬಿಡದ ಒಂದು ತಾಳವು ಬಡಿಯುತ್ತಲೇ ಇರುತ್ತದೆ. ನಿರ್ದೇಶಕ ಟಾಮ್ ಟಿಕ್ವರರೇ ಇಬ್ಬರು ಸಂಗಡಿಗರೊಡನೆ ಆ ಸಂಗೀತವನ್ನೂ ರಚಿಸಿದವರು. “ಈಗಿನ ಕಾಲದವರ ಸಂಗೀತವೋ ಇದು?” ಎಂದು ನಾನು ಕೇಳಿದೆನು. “ಅಲ್ಲ ತಾತ, ಇದು ನಿಮ್ಮ ಕಾಲದ್ದು. ನಾನಿನ್ನೂ ಹುಟ್ಟಿರಲಿಲ್ಲ,” ಎಂದನು. ನಾನು ಸಿರುಗುಪ್ಪದಲ್ಲಿ ಸವರ್ಣದೀರ್ಘಸಂಧಿಯನ್ನು ಹೇಳಿಕೊಡುತ್ತಿದ್ದ ವರ್ಷಗಳಲ್ಲಿಯೇ ಬರ್ಲಿನ್ನಿನಲ್ಲಿ ಇದೂ ನಡೆದಿತ್ತು. ಮರುದಿನ ‘ದಿ ಮ್ಯಾಟ್ರಿಕ್ಸ್’ ಎಂಬ 1999ರ ಚಿತ್ರವನ್ನೂ ನೋಡಿದೆವು. ಕಥೆಗಿಂತ ತಾಳವೇ ಮನಸ್ಸಿನಲ್ಲಿ ನಿಂತಿತು. ನಮ್ಮ ಚಿತ್ರಗೀತೆಗಳ ಮಾಂಸವನ್ನು ತೆಗೆದಿಟ್ಟರೆ ಉಳಿಯುವ ಎಲುಬಿನ ಗೂಡು ಇದೇ ಎಂದು ತೋರಿತು.

ಇದರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆನು. ಜಪಾನಿನ ರೋಲಾಂಡ್ ಸಂಸ್ಥೆಯು 1980ರಲ್ಲಿ ‘ಟಿಆರ್-808’ ಎಂಬ ತಾಳಯಂತ್ರವನ್ನೂ ಮರುವರ್ಷ ‘ಟಿಬಿ-303’ ಎಂಬ ಮಂದ್ರಸ್ವರದ ಯಂತ್ರವನ್ನೂ ಹೊರತಂದಿತು. ಜೊತೆಗಾರರಿಲ್ಲದೆ ಒಬ್ಬನೇ ಅಭ್ಯಾಸ ಮಾಡುವ ವಾದಕನಿಗೆ ಪಕ್ಕವಾದ್ಯದಂತೆ ಇರಲೆಂಬುದು ಎರಡನೆಯದರ ಉದ್ದೇಶ. ಅದು ನಿಜವಾದ ವಾದ್ಯದಂತೆ ಕೇಳಿಸಲಿಲ್ಲ. ಕೊಳ್ಳುವವರಿಲ್ಲದೆ 1984ರ ಹೊತ್ತಿಗೆ ತಯಾರಿಕೆ ನಿಂತಿತು. ಅಗ್ಗದ ಬೆಲೆಗೆ ಹಳೆಯ ಸಾಮಾನಿನ ಅಂಗಡಿ ಸೇರಿದ ಈ ಯಂತ್ರಗಳನ್ನು ಅಮೆರಿಕದ ಚಿಕಾಗೊ ಪಟ್ಟಣದ ಬಡ ಕರಿಯ ತರುಣರು ಕೊಂಡು, ಅದರ ಕೃತಕ ಧ್ವನಿಯನ್ನೇ ಗುಣವೆಂದು ಬಗೆದು ಬಳಸಿದರು. 1987ರಲ್ಲಿ ಫ್ಯೂಚರ್ ಎಂಬ ಮೇಳದವರ ‘ಆಸಿಡ್ ಟ್ರ್ಯಾಕ್ಸ್’ ಹೊರಬಂದಿತು. ಡೆಟ್ರಾಯಿಟ್ಟಿನಲ್ಲಿ ಹ್ವಾನ್ ಆಟ್ಕಿನ್ಸ್ ಮೊದಲಾದವರಿಂದ ‘ಟೆಕ್ನೊ’ ಎಂಬ ಶಾಖೆಯು ಬೆಳೆಯಿತು. ಅಲ್ಲಿಂದ ಇಂಗ್ಲೆಂಡು, ಜರ್ಮನಿಗಳಿಗೆ ಹರಿದು, ಹತ್ತು ವರ್ಷಗಳಲ್ಲಿ ಚಲಚ್ಚಿತ್ರಗಳ ಮಾರ್ಗವಾಗಿ ಲೋಕವನ್ನೆಲ್ಲ ವ್ಯಾಪಿಸಿತು.

ಇದಕ್ಕಿಂತ ಕೌತುಕವಾದ ಇನ್ನೊಂದು ಸಂಗತಿ ಇದೆ. ಮುಂಬಯಿಯ ಹಿಂದಿ ಚಿತ್ರಗಳ ವಾದ್ಯಮೇಳದಲ್ಲಿ ದುಡಿಯುತ್ತಿದ್ದ ಚರಣಜಿತ್ ಸಿಂಗ್ ಎಂಬವರು 1982ರಲ್ಲಿ, ಎಂದರೆ ಚಿಕಾಗೊದವರಿಗಿಂತ ಐದು ವರ್ಷ ಮೊದಲೇ, ಇವೇ ಎರಡು ಯಂತ್ರಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ನುಡಿಸಿ ಒಂದು ಧ್ವನಿಮುದ್ರಿಕೆಯನ್ನು ಮಾಡಿದರು. ‘ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂದು ಅದರ ಹೆಸರು. ಭೈರವ, ತೋಡಿ, ಲಲಿತ್, ಮಾಲಕಂಸ ಮೊದಲಾದ ರಾಗಗಳು ಅದರಲ್ಲಿವೆ. ಅವರ ಭೈರವವು ನಮ್ಮ ಮಾಯಾಮಾಳವಗೌಳದ ಸ್ವರಗಳದು. ಮಾಲಕಂಸವು ನಮ್ಮ ಹಿಂದೋಳ. ಆ ಮಂದ್ರಯಂತ್ರದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಅನುಕೂಲವಿರುವುದರಿಂದ ಮೀಂಡಿನ ಛಾಯೆಯು ಅಲ್ಲಲ್ಲಿ ಕೇಳಿಸುತ್ತದೆ. ಅಂದಿನ ಜನರು ಅದನ್ನು ಕೊಳ್ಳಲಿಲ್ಲ. ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ಅದು ದೊರೆತು, 2010ರಲ್ಲಿ ಮರುಮುದ್ರಣವಾದ ಮೇಲೆ ವಿದೇಶದ ಪಂಡಿತರು ಬೆರಗಾದರು. ಚರಣಜಿತರು ಮುಪ್ಪಿನಲ್ಲಿ ಯುರೋಪಿನ ರಂಗಗಳನ್ನೇರಿ ಅದನ್ನು ನುಡಿಸಿ, 2015ರಲ್ಲಿ ತೀರಿಕೊಂಡರು.

ಈಗ ನನ್ನ ಛಂದಸ್ಸಿನ ಮಾತು. ಆ ತಾಳಯಂತ್ರದ ಮುಖದ ಮೇಲೆ ಸಾಲಾಗಿ ಹದಿನಾರು ಗುಂಡಿಗಳಿವೆ. ಒಂದೊಂದು ಗುಂಡಿಯೂ ಒಂದೊಂದು ಮನೆ; ಒತ್ತಿದರೆ ಅಲ್ಲಿ ಘಾತ, ಬಿಟ್ಟರೆ ಮೌನ. ಹದಿನಾರು ಮನೆಗಳು ಮುಗಿದೊಡನೆ ಮತ್ತೆ ಮೊದಲಿನಿಂದ ಆವರ್ತನೆ. ನಾಲ್ಕು ಮಾತ್ರೆಯ ನಾಲ್ಕು ಗಣಗಳು ಸೇರಿ ಹದಿನಾರು ಮಾತ್ರೆಯಾಗುವುದು ನಮ್ಮ ಮಂದಾನಿಲ ರಗಳೆಯ ಲಕ್ಷಣವಲ್ಲವೇ! ಇಲ್ಲಿಂದ ಒಂದು ದಿನದ ದಾರಿಯೂ ಇಲ್ಲದ ಹಂಪೆಯಲ್ಲಿ ಹರಿಹರನು ರಗಳೆಗಳನ್ನು ಬರೆದುದು ನಿಲ್ಲದೆ ಮುಂದುವರಿಯುವ ಈ ನಡೆಯ ಬಲವನ್ನು ಅರಿತೇ. ಹದಿನಾರು ಅಕ್ಷರದ ಪಾದಕ್ಕೆ ಅಷ್ಟಿಯೆಂದು ಹೆಸರು. ಗುರುಲಘುಗಳ ಪ್ರಸ್ತಾರವನ್ನು ಹಾಕಿದರೆ ಅದರಲ್ಲಿ 65,536 ವೃತ್ತಗಳು. ಯಂತ್ರದಲ್ಲಿ ಒಂದು ವಾದ್ಯಕ್ಕೆ ಸಾಧ್ಯವಾದ ವಿನ್ಯಾಸಗಳೂ ಅಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಲಘುವನ್ನು ಮೌನವೆಂದೂ ಗುರುವನ್ನು ಘಾತವೆಂದೂ ಇಟ್ಟುಕೊಂಡು ಪಂಚಚಾಮರವನ್ನು ಆ ಯಂತ್ರಕ್ಕೆ ಉಣಿಸಿದರೆ ಒಂದು ಬಿಟ್ಟು ಒಂದು ಮನೆ ತುಂಬುತ್ತದೆ. ಶಿವತಾಂಡವಸ್ತೋತ್ರದ ವೃತ್ತವು ಅದು. ಕುಣಿತಕ್ಕೆ ಒದಗುವುದರಲ್ಲಿ ಸಂದೇಹವೇನು?

1994ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿ, ರಾತ್ರಿ ಬಯಲಿನಲ್ಲಿ ನೂರು ಮಂದಿ ಸೇರಿ ದೊಡ್ಡ ಧ್ವನಿಯ ಸಂಗೀತದಿಂದ ನೆರೆಯವರನ್ನು ಪೀಡಿಸುವುದನ್ನು ತಡೆಯಲು ಪೊಲೀಸರಿಗೆ ಅಧಿಕಾರವಿತ್ತಿತು. ಆವರ್ತಿಸುವ ಘಾತಗಳೇ ಪ್ರಧಾನವಾಗಿರುವ ಧ್ವನಿಯೂ ಸಂಗೀತವೆಂಬ ಪದದಲ್ಲಿ ಅಡಗಿದೆಯೆಂದು ಅದರಲ್ಲಿಯೇ ಅರ್ಥನಿರೂಪಣೆ ಮಾಡಿದ್ದಾರೆ. ಆ ಲಕ್ಷಣವನ್ನು ಇಲ್ಲಿಗೆ ತಂದರೆ ನಮ್ಮ ಹಳ್ಳಿಗಳ ಅಖಂಡ ಭಜನೆಯೂ ಮೊಹರಮ್ಮಿನ ಹಲಿಗೆಯೂ ಅದರೊಳಗೆ ಬಂದಾವು! ಆವರ್ತನೆಯಿಂದ ಮೈಮರೆಯುವ ಬಯಕೆ ಬಹಳ ಹಳೆಯದು. ಊರ ಪಕ್ಕದ ಸಂಗನಕಲ್ಲು ಕುಪ್ಪಗಲ್ಲುಗಳ ಗುಡ್ಡದಲ್ಲಿ ನವಶಿಲಾಯುಗದ ಜನರು ವಾಸಿಸಿದ್ದ ನೆಲೆಯಿದೆ. ಅಲ್ಲಿಯ ಕೆಲವು ಕರಿಬಂಡೆಗಳು ಕಲ್ಲಿನಿಂದ ಬಡಿದರೆ ಜಾಗಟೆಯಂತೆ ನುಡಿಯುತ್ತವೆ. ಬಡಿದು ಬಡಿದು ಸವೆದ ಗುಳಿಗಳೂ ಅವುಗಳ ಮೇಲೆ ಇವೆ.

ಇಷ್ಟನ್ನು ಹೇಳಿ ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಆದರೆ ಕುರುಗೋಡಿನ ಕಡೆಯ ನನ್ನ ಗೆಳೆಯರೊಬ್ಬರ ಮಾತನ್ನು ಬಿಟ್ಟರೆ ವಿಷಯಕ್ಕೆ ನ್ಯಾಯವಾಗದು. ಅವರು ಪೌರಾಣಿಕ ನಾಟಕಗಳಿಗೆ ತಬಲ ನುಡಿಸುತ್ತಿದ್ದವರು. ಸುಗ್ಗಿ ಮುಗಿದರೆ ಅವರಿಗೆ ಮನೆಯಲ್ಲಿ ಮಲಗುವ ರಾತ್ರಿಗಳೇ ಕಡಿಮೆ. ಅದೇ ತೊಂಬತ್ತರ ದಶಕದ ನಡುವಿನಲ್ಲಿ, ತಾಳವನ್ನೂ ತಾನೇ ಹಾಕುವ ಕೀಬೋರ್ಡು ಜಾತ್ರೆಯ ಚಪ್ಪರಗಳಿಗೆ ಬಂದಿತು. ಒಬ್ಬನ ಸಂಭಾವನೆಯಲ್ಲಿ ನಾಲ್ವರ ಕೆಲಸವಾಗುವುದಾದರೆ ಗುತ್ತಿಗೆ ಹಿಡಿದವರು ನಾಲ್ವರನ್ನು ಏಕೆ ಕರೆದಾರು? ಗೆಳೆಯರು ಅಕ್ಕಿ ಗಿರಣಿಯೊಂದರ ಬಾಗಿಲು ಕಾಯುವ ಕೆಲಸಕ್ಕೆ ಸೇರಿದರು. ಹತ್ತೊಂಬತ್ತು ವರ್ಷ ಕಾಯ್ದರು. ನಾನು ಸಂತೋಷದಿಂದ ಕಾಲು ಕುಣಿಸಿದ ಹಾಡುಗಳು ಅವರ ಅನ್ನದ ಬಟ್ಟಲನ್ನು ಕದಲಿಸಿದ ಹಾಡುಗಳೇ ಎಂಬುದು ನನ್ನ ಮನಸ್ಸಿನಲ್ಲಿ ಮುಳ್ಳಿನಂತಿದೆ.

ಹೋದ ವರ್ಷ ಅವರಿಗೆ ಚರಣಜಿತರ ಭೈರವವನ್ನು ಕೇಳಿಸಿದೆನು. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಬೆರಳುಗಳು ಮೊಣಕಾಲಿನ ಮೇಲೆ ಆಡುತ್ತಿದ್ದುವು. ಆಮೇಲೆ ಹೇಳಿದರು: “ಕಸುಬು ಬಲ್ಲಾವ ಮಾಡ್ಯಾನ ಮೇಷ್ಟ್ರೇ, ಇಲ್ಲನ್ನಂಗಿಲ್ಲ. ಆದ್ರ ಆ ಮಿಷನ್ನು ತಪ್ಪಂಗಿಲ್ಲ ನೋಡ್ರಿ, ಅದ ಅದರ ಕೊರತಿ. ರಕ್ತರಾತ್ರಿ ನಾಟಕದಾಗ ಶಕುನಿ ಮಾತು ಮರೆತು ನಿಂತ್ರ ನಾನು ಒಂದು ಆವರ್ತ ಹೆಚ್ಚಿಗಿ ಬಾರಿಸ್ತಿದ್ದೆ. ಅಷ್ಟರಾಗ ಅವಗ ಉಸಿರು ಬರ್ತಿತ್ತು, ಮಾತು ಬರ್ತಿತ್ತು. ಮಿಷನ್ನು ಯಾರ ಮುಖ ನೋಡತೈತಿ?”

ಶಾಸ್ತ್ರಗ್ರಂಥಗಳಲ್ಲಿ ತಾಳವೆಂಬ ಪದವನ್ನು ಪ್ರತಿಷ್ಠೆಯ ಅರ್ಥವುಳ್ಳ ಧಾತುವಿನಿಂದ ಸಾಧಿಸಿದ್ದಾರೆ. ಗೀತವಾದ್ಯನೃತ್ಯಗಳು ಯಾವುದರ ಮೇಲೆ ನಿಲ್ಲುವುವೋ ಅದು ತಾಳ. ನಿಲ್ಲಿಸುವುದೆಂದರೆ ಬೀಳುವವನನ್ನು ಹಿಡಿದುಕೊಳ್ಳುವುದೂ ಹೌದೆಂಬ ಭಾಷ್ಯವನ್ನು ನನಗೆ ಹೇಳಿಕೊಟ್ಟವರು ಈ ಗಿರಣಿಯ ಕಾವಲುಗಾರರು. ಲೋಲಾಳ ಓಟಕ್ಕೆ ಯಂತ್ರದ ತಾಳವೇ ತಕ್ಕುದು. ಏಕೆಂದರೆ ಅವಳ ಪಾಲಿಗೆ ಕಾಲವು ಕಾಯುವುದಿಲ್ಲ, ಮತ್ತು ಕಾಯದ ಕಾಲದ ಭಯವೇ ಆ ಚಿತ್ರದ ರಸ. ಕೌಲ್ ಬಜಾರಿನಲ್ಲಿ ಎಣಿಕೆಯ ಲೆಕ್ಕದಲ್ಲಿ ಕೂಲಿ ಪಡೆದು ಹೊಲಿಯುವವನಿಗೂ ಕಾಲವು ಕಾಯದು. ಅಂತಹವರಿಗೆ ಆ ತಾಳವು ಹೆಗಲು ಕೊಟ್ಟರೆ ಅದನ್ನು ಹಳಿಯಲಾರೆ. ನಾನೂ ಸಂಜೆಯ ವೇಳೆ ಕೇಳುತ್ತಲೇ ಇರುವೆನು. ಆದರೆ ರಂಗದ ಮೇಲೆ ಹವ್ಯಾಸಿಯೊಬ್ಬನು ಮಾತು ಮರೆತು ನಿಂತಾಗ, ಮದುವೆಯ ಮನೆಯಲ್ಲಿ ಅಜ್ಜಿಯೊಬ್ಬಳು ನಡುಗುವ ದನಿಯಲ್ಲಿ ಆರತಿಯ ಹಾಡನ್ನು ಎತ್ತಿಕೊಂಡಾಗ, ಮುಖವನ್ನು ನೋಡಿ ಕಾಯುವ ಕೈಗಳೇ ಬೇಕು.

ಆದುದರಿಂದ ನಮ್ಮ ಸಂಘದ ಸದಸ್ಯರಲ್ಲಿಯೂ ವಾಚಕ ಮಹಾಶಯರಲ್ಲಿಯೂ ನನ್ನದೊಂದು ಬಿನ್ನಹ. ಕೀಬೋರ್ಡನ್ನು ಬೇಡವೆನ್ನಬೇಡಿರಿ. ಆದರೆ ನಾಟಕಕ್ಕೋ ಜಾತ್ರೆಗೋ ಮನೆಯ ಶುಭಕಾರ್ಯಕ್ಕೋ ಖರ್ಚಿನ ಪಟ್ಟಿಯನ್ನು ಬರೆಯಲು ಕುಳಿತಾಗ, ಶಾಮಿಯಾನ, ಧ್ವನಿವರ್ಧಕ, ಊಟಗಳ ಸಾಲಿನಲ್ಲಿ ತಬಲದವರದೂ ಹಲಿಗೆಯವರದೂ ಒಂದು ಸಾಲು ಇರಲಿ. ಆ ಸಾಲಿನ ಎದುರಿಗೆ ಬರೆಯುವ ಮೊತ್ತವು, ಧ್ವನಿವರ್ಧಕದ ಬಾಡಿಗೆಗಿಂತ ಕಡಿಮೆಯಾಗದಿರಲಿ.