ಉಕ್ಕು ಹೋದ ಊರಿನಲ್ಲಿ ಪುಟಾಣಿ ಲಾರಿಗಳು

ಜರ್ಮನಿಯ ಪಶ್ಚಿಮಕ್ಕೆ ರೂರ್ ಎಂಬ ಸೀಮೆ. ಅಲ್ಲಿಯ ಡಾರ್ಟ್‌ಮುಂಡ್ ನಗರ ನೂರು ವರ್ಷಕ್ಕೂ ಹೆಚ್ಚು ಕಾಲ ಕಲ್ಲಿದ್ದಲು ಮತ್ತು ಉಕ್ಕನ್ನು ನಂಬಿ ಬದುಕಿದ ಊರು. ಊರಿನ ಕೊನೆಯ ಗಣಿ 1987ರಲ್ಲಿ ಮುಚ್ಚಿತು. ಹೋರ್ಡೆ ಬಡಾವಣೆಯ ಫೀನಿಕ್ಸ್ ಉಕ್ಕಿನ ಕಾರ್ಖಾನೆ 2001ರಲ್ಲಿ ನಿಂತಿತು. ಚೀನಾದ ಕಂಪನಿಯೊಂದು ಅದನ್ನು ಕೊಂಡು, ತನ್ನದೇ ಕೆಲಸಗಾರರನ್ನು ಕರೆತಂದು, ತುಂಡುತುಂಡಾಗಿ ಬಿಚ್ಚಿಸಿ ಹಡಗಿಗೇರಿಸಿತು. ಕಾರ್ಖಾನೆಯಿದ್ದ ಜಾಗಕ್ಕೆ 2010ರಲ್ಲಿ ನೀರು ತುಂಬಿಸಲು ಶುರುಮಾಡಿದರು. ಈಗ ಅಲ್ಲಿ 24 ಹೆಕ್ಟೇರಿನ ಕೆರೆ. ದಡದಲ್ಲಿ ದುಬಾರಿ ಮನೆಗಳು, ಕಾಫಿ ಅಂಗಡಿಗಳು.

ಉಕ್ಕು ಹೋಯಿತು, ಉಕ್ಕಿನ ಜೊತೆ ಬದುಕಿದ ಕೈಗಳ ಅಭ್ಯಾಸ? ಅದನ್ನು ನೋಡಬೇಕಾದರೆ ಸುರಂಗ ರೈಲು ಹಿಡಿದು ವೆಸ್ಟ್‌ಫಾಲೆನ್‌ಹಾಲೆನ್ ನಿಲ್ದಾಣದಲ್ಲಿ ಇಳಿಯಬೇಕು. 1925ರಲ್ಲಿ ಕಟ್ಟಿ, ಯುದ್ಧದಲ್ಲಿ ನೆಲಸಮವಾಗಿ, 1952ರಲ್ಲಿ ಮತ್ತೆ ಎದ್ದ ಸಭಾಂಗಣ ಅದು. ಅದರ ಸುತ್ತ ಬೆಳೆದ ಹಾಲುಗಳಲ್ಲಿ ಸಾಮಾನ್ಯವಾಗಿ ಏಪ್ರಿಲ್ ತಿಂಗಳಲ್ಲಿ ‘ಇಂಟರ್‌ಮಾಡೆಲ್‌ಬೌ’ ಎಂಬ ಮೇಳ ನಡೆಯುತ್ತದೆ. ರೈಲು, ಹಡಗು, ವಿಮಾನಗಳ ಮಾದರಿಗಳನ್ನು ದಾಟಿ ಹೋದರೆ ಮಣ್ಣಿನ ರಾಶಿಗಳು. ಮೊಣಕಾಲೆತ್ತರವೂ ಇಲ್ಲದ ಅಗೆಯುವ ಯಂತ್ರಗಳು ಮಣ್ಣು ತೋಡಿ, ಅಷ್ಟೇ ಪುಟ್ಟ ಲಾರಿಗಳಿಗೆ ತುಂಬುತ್ತವೆ. ರೇಡಿಯೊ ಪೆಟ್ಟಿಗೆಯನ್ನು ಎದೆಗೆ ತೂಗುಹಾಕಿಕೊಂಡ ದೊಡ್ಡವರು ಮಕ್ಕಳಿಗಿಂತ ಗಂಭೀರವಾಗಿ ಅವನ್ನು ಓಡಿಸುತ್ತಾರೆ.

ನೋಡುವವರ ಕಣ್ಣು ಬಣ್ಣದ ಮೇಲೆ, ಮಿನುಗುವ ದೀಪಗಳ ಮೇಲೆ. ಆದರೆ ತಯಾರಿಸಿದವರ ನಿಜವಾದ ಕಷ್ಟ ಯಾರಿಗೂ ಕಾಣದ ಕಡೆ ಇದೆ: ಚಾಸಿಯಲ್ಲಿ. ಅಂಗಡಿಯಲ್ಲಿ ಸಿಗುವ ಕಿಟ್ ಜೋಡಿಸುವುದು ಒಂದು ಬಗೆ. ಜಪಾನಿನ ತಾಮಿಯಾ ಕಂಪನಿ 1993ರಲ್ಲಿ ‘ಕಿಂಗ್ ಹಾಲರ್’ ಲಾರಿಯನ್ನು ತಂದಮೇಲೆ 14ರಲ್ಲಿ 1ರ ಅಳತೆ ಎಲ್ಲೆಡೆ ರೂಢಿಯಾಯಿತು. ಆದರೆ ತನಗೆ ಬೇಕಾದದ್ದು ನಾಲ್ಕು ಆಕ್ಸಲ್‌ಗಳ ಟಿಪ್ಪರ್, ಕಿಟ್‌ನಲ್ಲಿರುವುದು ಮೂರೇ ಆಕ್ಸಲ್ ಎಂದಾದಾಗ ಫ್ರೇಮನ್ನು ತಾನೇ ಮಾಡಬೇಕು.

ಕಾಗದದ ಮೇಲೆ ಇದು ಏಳನೇ ತರಗತಿಯ ಲೆಕ್ಕ. ನಿಜವಾದ ಲಾರಿಯ ಫ್ರೇಮಿನ ಅಗಲ ಸುಮಾರು 850 ಮಿಲಿಮೀಟರ್ ಎಂದಿಟ್ಟುಕೊಂಡು 14ರಿಂದ ಭಾಗಿಸಿದರೆ 61. ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ 3,600 ಇದ್ದರೆ ಮಾದರಿಯಲ್ಲಿ 257. ತೂಕಕ್ಕೆ ಮಾತ್ರ ಈ ಲೆಕ್ಕ ಸಲ್ಲದು. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 14ನ್ನು ಮೂರು ಸಲ ಗುಣಿಸಿ ಬಂದ 2,744ರಿಂದ ಭಾಗಿಸಬೇಕು. 40 ಟನ್ ಲಾರಿ ಹೀಗೆ ಹದಿನಾಲ್ಕೂವರೆ ಕಿಲೋ ಆಗುತ್ತದೆ. ಮಗ್ಗಿ ಬಾಯಿಪಾಠ ಮಾಡಲು ಒಲ್ಲದ ಹುಡುಗನೂ ಈ ಲೆಕ್ಕವನ್ನು ಕೂತು ಮಾಡುತ್ತಾನೆ.

ತೊಡಕು ಇರುವುದು ತಗಡಿನ ದಪ್ಪದಲ್ಲಿ. ದೊಡ್ಡ ಲಾರಿಯ ಉಕ್ಕಿನ ಪಟ್ಟಿ 8 ಮಿಲಿಮೀಟರ್ ಇದ್ದರೆ ಮಾದರಿಗೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಸಾಕು. ಅಷ್ಟು ತೆಳು ತಗಡಿನಲ್ಲಿ ಸ್ಕ್ರೂ ಮರೆ ಹಿಡಿಯುವುದಿಲ್ಲ. ಹಾಗಾಗಿ ಒಂದೂವರೆ ಅಥವಾ ಎರಡು ಮಿಲಿಮೀಟರ್ ಅಲ್ಯೂಮಿನಿಯಂ ಬಳಸುತ್ತಾರೆ. ಆಗ ಫ್ರೇಮು ಬೇಕಾದ್ದಕ್ಕಿಂತ ಬಿಗಿಯಾಗುತ್ತದೆ. ಬಿಗಿಯಾದರೆ ಒಳ್ಳೆಯದಲ್ಲವೆ ಎಂದು ಯಾರಿಗೂ ಅನ್ನಿಸುತ್ತದೆ. ಹೊಸಬರು ಎಡವುವುದೇ ಇಲ್ಲಿ. ಹಳ್ಳದಿಣ್ಣೆಯಲ್ಲಿ ಒಂದು ಚಕ್ರ ಮೇಲೆದ್ದಾಗ ಲಾರಿಯ ಚಾಸಿ ಸ್ವಲ್ಪ ತಿರುಚಿಕೊಳ್ಳಬೇಕು. ತಿರುಚದಿದ್ದರೆ ಇನ್ನೊಂದು ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ಸುತ್ತುತ್ತದೆ, ಲಾರಿ ನಿಂತಲ್ಲೇ ನಿಲ್ಲುತ್ತದೆ. ನಿಜವಾದ ಲಾರಿಗಳಿಗೆ ಮುಚ್ಚಿದ ಪೆಟ್ಟಿಗೆಯಾಕಾರದ ಬದಲು ಒಂದು ಪಕ್ಕ ತೆರೆದ ಪಟ್ಟಿ ಹಾಕುವುದು ಇದಕ್ಕೇ. ಅದು ಭಾರಕ್ಕೆ ಬಾಗುವುದಿಲ್ಲ, ತಿರುಚಿದರೆ ಬಳುಕುತ್ತದೆ. ಮಾದರಿಯಲ್ಲಿ ಆ ಬಳುಕನ್ನು ಬೇರೆ ದಾರಿಯಿಂದ ತರಬೇಕು: ನಡುವಿನ ಅಡ್ಡಪಟ್ಟಿಗಳನ್ನು ಕಡಿಮೆ ಮಾಡುವುದು, ಮೇಲಿನ ಬಾಡಿಯನ್ನು ನಾಲ್ಕು ಕಡೆ ಬಿಗಿಯದೆ ಹಿಂದೆ ಎರಡು, ಮುಂದೆ ಒಂದು ಕಡೆ ಮಾತ್ರ ಕೂರಿಸುವುದು.

ಕೈಕೆಲಸದ ಗುಟ್ಟುಗಳೂ ಇವೆ. ಗಟ್ಟಿ ಜಾತಿಯ ಅಲ್ಯೂಮಿನಿಯಂ ಮಡಿಸಿದರೆ ಮೂಲೆಯಲ್ಲಿ ಬಿರುಕು ಬಿಡುತ್ತದೆ. ಮೆತ್ತನೆಯದನ್ನೇ ಆರಿಸಿ, ತಗಡಿನ ಎಳೆಗೆ ಅಡ್ಡಲಾಗಿ ಮಡಿಸಬೇಕು. ಎರಡು ಪಟ್ಟಿಗಳನ್ನೂ ಒಟ್ಟಿಗೆ ವೈಸಿಗೆ ಕಚ್ಚಿಸಿ ಒಂದೇ ಸಲ ತೂತು ಕೊರೆಯಬೇಕು. ಇಲ್ಲವಾದರೆ ಆಕ್ಸಲ್ ಓರೆಯಾಗಿ, ಲಾರಿ ಸ್ಟಿಯರಿಂಗ್ ನೇರವಿದ್ದರೂ ಪಕ್ಕಕ್ಕೆ ಎಳೆಯುತ್ತದೆ. ಜೋಡಿಸಿದ ಫ್ರೇಮನ್ನು ಗಾಜಿನ ಮೇಲಿಟ್ಟು ಮೂಲೆಯಿಂದ ಮೂಲೆಗೆ ಎರಡು ಕಡೆಯೂ ಅಳೆಯಬೇಕು. ಎರಡೂ ಸಮ ಬಂದರೆ ಚೌಕ ಸರಿ. ನಮ್ಮಲ್ಲಿ ಮನೆಯ ಪಾಯಕ್ಕೆ ದಾರ ಹಿಡಿಯುವ ಮೇಸ್ತ್ರಿ ಮಾಡುವುದೂ ಇದನ್ನೇ.

ಜರ್ಮನಿಯಲ್ಲಿ ಶಾಲೆ ಮುಗಿಸಿ ಕಾರ್ಖಾನೆಯ ಕಸುಬಿಗೆ ಸೇರುವ ಹುಡುಗರು ವಾರದ ಕೆಲವು ದಿನ ತರಗತಿಯಲ್ಲಿ, ಉಳಿದ ದಿನ ಕಾರ್ಖಾನೆಯಲ್ಲಿ ಕಲಿಯುತ್ತಾರೆ. ಯಂತ್ರದ ಮೆಕ್ಯಾನಿಕ್ ಆಗಲು ಮೂರೂವರೆ ವರ್ಷ. ಹಿಂದೆ ಅವರ ಮೊದಲ ಪಾಠ, ‘ಯು’ ಆಕಾರದ ಉಕ್ಕಿನ ತುಂಡೊಂದನ್ನು ಅರ ಹಿಡಿದು ವಾರಗಟ್ಟಲೆ ಉಜ್ಜಿ ಸಮ ಮಾಡುವುದು. ಅಲ್ಲಿ ಹಾಗೆ ಕೆಲಸ ಕಲಿತ ಅನೇಕರಿಗೆ ಇದು ಮರೆತಿಲ್ಲ. ಲಾರಿಯ ಚಾಸಿ ಪಟ್ಟಿಯ ಆಕಾರವೂ ಅದೇ.

ಈಗ ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕಳಿಸಿದರೆ ಲೇಸರಿನಲ್ಲಿ ಕತ್ತರಿಸಿದ ಪಟ್ಟಿ ಅಂಚೆಯಲ್ಲಿ ಬರುತ್ತದೆ. ಕೂದಲೆಳೆಯಷ್ಟೂ ತಪ್ಪಿಲ್ಲದ ಪಟ್ಟಿ. ಅದನ್ನು ಬೇಡವೆನ್ನುವುದು ಮೂರ್ಖತನವೇ ಸರಿ. ಆದರೂ ಚಿತ್ರ ಬರೆದವನ ಕೈಗೆ ತಗಡಿನ ಪರಿಚಯವಿಲ್ಲದಿದ್ದರೆ ಮಡಿಕೆಯ ಪಕ್ಕಕ್ಕೇ ತೂತಿಟ್ಟು, ಮಡಿಸುವಾಗ ಅದು ಮೊಟ್ಟೆಯಾಗುವುದನ್ನು ನೋಡುತ್ತಾನೆ. ಮನೆಯಲ್ಲಿ ಪ್ರಯತ್ನಿಸುವ ವಿದ್ಯಾರ್ಥಿಗೆ ಮೊದಲು ರಟ್ಟಿನಲ್ಲಿ ಒಂದು ಚಾಸಿ ಸಾಕು. ತಗಡು ಆಮೇಲೆ, ಜೊತೆಗೆ ಹ್ಯಾಕ್ಸಾ, ಅರ, ಒಂದು ಡ್ರಿಲ್, ಹಿರಿಯರ ಕಣ್ಣು.

ಇಂಥ ಲಾರಿಯನ್ನು ಪರೀಕ್ಷಿಸುವ ಕ್ರಮ ಬಲು ಸರಳ. ಮುಂದಿನ ಎಡಚಕ್ರದ ಕೆಳಗೆ ಮರದ ಚೂರೊಂದನ್ನು ಇಟ್ಟು, ಉಳಿದ ಚಕ್ರಗಳ ಅಡಿಯಲ್ಲಿ ಒಂದೊಂದಾಗಿ ಕಾಗದದ ಚೀಟಿ ಎಳೆದು ನೋಡುತ್ತಾರೆ. ಚೀಟಿ ಸಲೀಸಾಗಿ ಈಚೆ ಬಂತೆಂದರೆ ಸ್ಕ್ರೂಗಳನ್ನು ಮತ್ತೆ ಬಿಚ್ಚಬೇಕು.