ಹೆಸರುಕಾಳಿನಷ್ಟು ಕೆರೆ

ಅಮೋನಿಯಾದ ಘಾಟು ಮೂಗಿಗೆ ಬಡಿದರೆ ನನಗೆ ಇಂದಿಗೂ ಕೆರೆಗಳು ನೆನಪಾಗುತ್ತವೆ. 1992ರಲ್ಲಿ ನಾನು ನಕ್ಷೆ ಬರೆಯುವ ಕೆಲಸಕ್ಕೆ ಸೇರಿದಾಗ ನಕ್ಷೆಗಳ ಪ್ರತಿ ತೆಗೆಯುವ ಯಂತ್ರಕ್ಕೆ ಅಮೋನಿಯಾ ಬೇಕಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅವ್ವ ಕಟ್ಟಿಕೊಟ್ಟ ಚಿತ್ರಾನ್ನಕ್ಕೂ ಅದೇ ವಾಸನೆ ಹತ್ತಿರುತ್ತಿತ್ತು. ಹೊರಗೆ ಹೋಗಿ ಒಂದೂವರೆ ರೂಪಾಯಿ ಕೊಟ್ಟು ಕಾಫಿ ಕುಡಿದ ಮೇಲೆಯೇ ನಾಲಿಗೆ ಸರಿಹೋಗುತ್ತಿದ್ದುದು.

ದೇಶದ ಜೌಗು ನೆಲಗಳನ್ನೆಲ್ಲ ಉಪಗ್ರಹದ ಚಿತ್ರ ನೋಡಿ ಗುರುತಿಸುವ ಕೆಲಸ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಮುಂದಾಳತ್ವದಲ್ಲಿ ಆಗ ನಡೆದಿತ್ತು. ಕೆರೆ, ಕಟ್ಟೆ, ಅಳಿವೆ, ಕಾಂಡ್ಲಾ ಕಾಡು ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತಿದ್ದವು. 1988ರಲ್ಲಿ ಹಾರಿದ ಐಆರ್‌ಎಸ್-1ಎ 22 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತಿತ್ತು. ಅವತ್ತು ಮೋಡ ಕವಿದಿದ್ದರೆ ಅದು ಮತ್ತೆ ಬರಲು 22 ದಿನ ಕಾಯಬೇಕಿತ್ತು. ಕೆಳಗಿನಿಂದ ದೀಪ ಉರಿಯುವ ಮೇಜಿನ ಮೇಲೆ ಚಿತ್ರ ಹಾಸಿ, ಅದರ ಮೇಲೆ ಟ್ರೇಸಿಂಗ್ ಹಾಳೆ ಅಂಟಿಸಿ, ನೀರಿನ ಅಂಚನ್ನು ಕೈಯಲ್ಲೇ ತಿದ್ದುತ್ತಿದ್ದೆವು.

ಆ ಚಿತ್ರಗಳಲ್ಲಿ ಹಸಿರು ಕೆಂಪಾಗಿ ಕಾಣುತ್ತದೆ. ಎಲೆಗಳು ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತವೆ, ನೀರು ಅದನ್ನು ನುಂಗಿ ಕಪ್ಪಾಗುತ್ತದೆ. ಇಷ್ಟು ಕಲಿತ ನಾನು ಎಲ್ಲ ಕಲಿತೆನೆಂದುಕೊಂಡಿದ್ದೆ. ಕೋಲಾರದ ಕಡೆಯ ಒಂದು ಕೆರೆ ಇರಬೇಕಾದಲ್ಲಿ ಕೆಂಪು ಕಂಡಿತು. ಬೆಳೆ ಎಂದು ಬರೆದು ಮುಂದೆ ಹೋದೆ. ತಿಂಗಳಾದ ಮೇಲೆ ಜಾಗ ಪರೀಕ್ಷಿಸಲು ಹೋದಾಗ ಏರಿಯ ಮೇಲೆ ನೀರುಗಂಟಿ ತಾತ ಸಿಕ್ಕ. ನನ್ನ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. “ಬೆಳೆ ಎಲ್ಲಿ ಬಂತಪ್ಪಾ? ಅದು ಅಂತರಗಂಗೆ ಕಳೆ. ಕೆಳಗೆ ಆಳುದ್ದ ನೀರೈತೆ” ಎಂದು ಕೈಯಲ್ಲಿದ್ದ ಗಳವನ್ನು ಆ ಹಸಿರಿನೊಳಗೆ ಇಳಿಸಿದ. ಗಳ ಮುಕ್ಕಾಲು ಮುಳುಗಿತು. ಮೇಲೆತ್ತಿದಾಗ ಕಪ್ಪು ಕೆಸರು ತೊಟ್ಟಿಕ್ಕಿ ಕೊಳೆತ ಜೊಂಡಿನ ವಾಸನೆ ಬಂತು. ತೂಬು, ಕೋಡಿ, ಅಚ್ಚುಕಟ್ಟಿನ ಕೊನೆಯ ಗದ್ದೆ ಎಲ್ಲವನ್ನೂ ನಡೆಸಿ ತೋರಿಸಿದ. ಆಫೀಸಿನಲ್ಲಿ ಮೂರು ತಿಂಗಳು ಕಲಿತದ್ದಕ್ಕಿಂತ ಆ ಮಧ್ಯಾಹ್ನ ಕಲಿತದ್ದು ಹೆಚ್ಚು.

ಆಗಿನ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಎರಡೂವರೆ ಕಿಲೋಮೀಟರ್. ಮೂರು ಮಿಲಿಮೀಟರ್ ಉದ್ದ, ಅಷ್ಟೇ ಅಗಲ, ಅಂದರೆ ಒಂದು ಹೆಸರುಕಾಳಿನಷ್ಟು ಜಾಗಕ್ಕಿಂತ ಚಿಕ್ಕದನ್ನು ಗೆರೆ ಎಳೆದು ತೋರಿಸಲಾಗದು. ಆ ಹೆಸರುಕಾಳು ನೆಲದ ಮೇಲೆ 56 ಹೆಕ್ಟೇರು! ನಮ್ಮ ಸೀಮೆಯ ಎಷ್ಟೋ ಊರಕೆರೆಗಳು ಹೀಗೆ ಹೊರಗೇ ಉಳಿದವು. ಮುಂದೆ 2006-07ರ ಚಿತ್ರಗಳಿಂದ 1:50,000 ಅಳತೆಯಲ್ಲಿ ಹೊಸ ನಕ್ಷೆ ಮಾಡಿದರು, ಮಳೆಯ ನಂತರದ್ದೊಂದು, ಬೇಸಿಗೆಯದೊಂದು ಚಿತ್ರ ಇಟ್ಟುಕೊಂಡು. ಅಷ್ಟರಲ್ಲಿ ಕಂಪ್ಯೂಟರ್ ಬಂದು ನನ್ನ ಪೆನ್ನು, ಹಾಳೆ ಮೂಲೆ ಸೇರಿದ್ದವು. ಅದೇ ಹೆಸರುಕಾಳು ಈಗ 2.25 ಹೆಕ್ಟೇರು, ಐದೂವರೆ ಎಕರೆ. 2011ರಲ್ಲಿ ಆ ನಕ್ಷೆಗಳ ಅಟ್ಲಾಸ್ ಬಂದಾಗ ದೇಶದಲ್ಲಿ ಅದಕ್ಕಿಂತ ದೊಡ್ಡ ಜೌಗು ನೆಲಗಳು 2,01,503. ಅದಕ್ಕಿಂತ ಚಿಕ್ಕವು 5,55,557, ಎಲ್ಲವೂ ಬರೀ ಚುಕ್ಕೆ.

ನಮ್ಮೂರ ಕಟ್ಟೆಯೂ ಆ ಚುಕ್ಕೆಗಳ ಅಳತೆಯದೇ. ಅವ್ವ ತಲೆಯ ಮೇಲೆ ಸಿಂಬಿ ಇಟ್ಟು, ಹಿತ್ತಾಳೆ ಬಿಂದಿಗೆ ಹೊತ್ತು ಅಲ್ಲಿಂದಲೇ ನೀರು ತಂದು ಹಂಡೆ ತುಂಬಿಸುತ್ತಿದ್ದಳು. ಹಬ್ಬದ ಹಿಂದಿನ ದಿನ ಊರಿನ ಚಾಪೆ, ಒನಕೆ, ಮೊರ ಎಲ್ಲ ಅದರ ಮೆಟ್ಟಿಲ ಮೇಲೆ. ಈಗ ಮನೆಗೆ ನಲ್ಲಿ ಬಂದಿದೆ, ಸಿಂಬಿ ಎಂದರೆ ಮೊಮ್ಮಗಳಿಗೆ ತಿಳಿಯದು. ಅವಳು ಮೊಬೈಲಿನಲ್ಲಿ ನಮ್ಮೂರ ಮೇಲೆ ಬೆರಳಾಡಿಸಿ, “ತಾತ, ಇಲ್ಲಿ ಹುಲ್ಲಿದೆಯಲ್ಲ” ಎಂದಳು. ಅವಳು ಕಂಡದ್ದು ಸರಿ. ಹೂಳು ತುಂಬಿ ಹತ್ತು ವರ್ಷವಾಯಿತು.

2017-18ರ ಲೆಕ್ಕದಲ್ಲಿ 2.25 ಹೆಕ್ಟೇರಿಗಿಂತ ದೊಡ್ಡ ಜೌಗು ನೆಲಗಳು 2,31,195 ಆಗಿವೆ. ದೇಶದ ಅಂಕಿ ಏರಿತೆಂದು ನಮ್ಮೂರ ಕಟ್ಟೆಗೆ ನೀರು ಬಂದಂತಾಗಲಿಲ್ಲ. ಲೆಕ್ಕಕ್ಕೆ ಸಿಕ್ಕ ಆ ಜೌಗು ನೆಲಗಳನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿ ಗಡಿ ಗುರುತಿಸಬೇಕೆಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಹೇಳಿದೆ. ಆಕಾಶದಿಂದ ಎಷ್ಟೇ ಚೆನ್ನಾಗಿ ಕಂಡರೂ ಕೋಡಿಯ ಕಲ್ಲು ಎಲ್ಲಿತ್ತೆಂದು ಹೇಳಲು ಊರಿನವರೇ ಬೇಕು.

ನಿಮ್ಮೂರಿಗೆ ಆ ಕೆಲಸದವರು ಬಂದರೆ ಜೊತೆಗೆ ನಡೆಯಿರಿ. ದೊಡ್ಡ ಕೆರೆ ತೋರಿಸಿ, ಚುಕ್ಕೆಯಾಗಿರುವ ಕಟ್ಟೆಯನ್ನೂ ತೋರಿಸಿ. ಮನೆಯಲ್ಲಿ ಹಿರಿಯರಿದ್ದರೆ ಕೋಡಿ ಎಲ್ಲಿ ಬೀಳುತ್ತಿತ್ತೆಂದು ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ.