ತಿರುಗುತ್ತದೆ, ಬಿಚ್ಚುವುದಿಲ್ಲ

ನಮ್ಮ ಕೂಟದ ಪತ್ರಿಕೆಗೆ ಡಾಕ್ಟರುಗಳು ಬರೆದರೆ ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಇಲ್ಲವೇ ಯುಗಾದಿಯ ಊಟದಲ್ಲಿ ಎಷ್ಟು ಹೋಳಿಗೆ ತಿನ್ನಬಹುದು ಎಂಬ ಉಪದೇಶ. ಸಂಪಾದಕರು ಈ ಸಲವೂ ನನ್ನಿಂದ ಅದನ್ನೇ ನಿರೀಕ್ಷಿಸಿದ್ದರೋ ಏನೋ. ಆದರೆ ನಾನು ಬರೆಯುತ್ತಿರುವುದು ಮೋಟಾರ್ ಸೈಕಲ್ಲಿನ ಮುಂದಿನ ಫೋರ್ಕಿನ ತಳದಲ್ಲಿರುವ ಒಂದು ಬೋಲ್ಟಿನ ವಿಷಯ. ಹೋಳಿಗೆಯ ವಿಷಯ ಮುಂದಿನ ಸಂಚಿಕೆಗೆ ಇರಲಿ.

ಮೈಸೂರಿನಲ್ಲಿ ಎಂಬತ್ತರ ದಶಕದಲ್ಲಿ ಕಾಲೇಜು ಓದಿದವರಿಗೆ ಮೋಟಾರ್ ಸೈಕಲ್ ಎಂದರೆ ಯೆಜ್ಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1961ರಲ್ಲಿ, ಬಾಗಿಲು ಹಾಕಿದ್ದು 1996ರಲ್ಲಿ. ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್ ಇದ್ದ ಗಾಡಿ ಅದು. ಎಂಬಿಬಿಎಸ್ ಓದುವಾಗ ನನ್ನ ಬಳಿಯೂ ಹಳೆಯದೊಂದು ಇತ್ತು. ನಮ್ಮ ಬೀದಿಯ ಮೇಸ್ತ್ರಿ ಅದನ್ನು ಬಿಚ್ಚುವಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆ. ಬೋಲ್ಟ್ ಬರದಿದ್ದರೆ ಆತ ಜೋರು ಮಾಡುತ್ತಿರಲಿಲ್ಲ. "ಸಾರ್, ಯಾಕೆ ಬರ್ತಿಲ್ಲ ಅಂತ ಮೊದ್ಲು ನೋಡ್ಬೇಕು. ಬಲ ಆಮೇಲೆ" ಎನ್ನುತ್ತಿದ್ದ. ಮುಂದೆ ಅಮೆರಿಕಕ್ಕೆ ಬಂದು ಮೂರು ವರ್ಷ ರೆಸಿಡೆನ್ಸಿ ಮಾಡುವಾಗ ನನ್ನ ಪ್ರೊಫೆಸರುಗಳು ಹೇಳಿಕೊಟ್ಟದ್ದರ ಸಾರವೂ ಬಹುಮಟ್ಟಿಗೆ ಇಷ್ಟೇ.

ಕಳೆದ ಬೇಸಿಗೆಯಲ್ಲಿ ನಮ್ಮ ಇಪ್ಪತ್ಮೂರು ವರ್ಷದ ಮಗ ನಮ್ಮನ್ನು ಕೇಳದೆ 1976ರ ಹೋಂಡಾ ಸಿಬಿ 550 ಒಂದನ್ನು ಕಡಿಮೆ ಬೆಲೆಗೆ ಕೊಂಡು ಗರಾಜಿನಲ್ಲಿ ನಿಲ್ಲಿಸಿದ. ನಾಲ್ಕು ಸಿಲಿಂಡರಿನ, ನೋಡಲು ಬಲು ಚಂದದ ಗಾಡಿ. ನನ್ನಾಕೆ ಎರಡು ದಿನ ಅವನೊಡನೆ ಮಾತು ಬಿಟ್ಟಳು. ನನಗೂ ಸಂತೋಷವಾಗಲಿಲ್ಲ. ರೆಸಿಡೆನ್ಸಿಯ ದಿನಗಳಲ್ಲಿ ಎಮರ್ಜೆನ್ಸಿ ರೂಮಿನ ರಾತ್ರಿ ಪಾಳಿಗಳಲ್ಲಿ ಇದೇ ವಯಸ್ಸಿನ ಹುಡುಗರನ್ನು ಸ್ಟ್ರೆಚರಿನ ಮೇಲೆ ಕಂಡವನು ನಾನು. 2012ರ ಏಪ್ರಿಲ್‌ನಿಂದ ನಮ್ಮ ಮಿಷಿಗನ್‌ನಲ್ಲಿ 21 ತುಂಬಿದ ಸವಾರ, ನಿಗದಿತ ವಿಮೆಯೂ ತರಬೇತಿ ಅಥವಾ ಅನುಭವವೂ ಇದ್ದರೆ, ಹೆಲ್ಮೆಟ್ ಇಲ್ಲದೆ ಓಡಿಸಬಹುದು. ಹೆಲ್ಮೆಟ್ಟಿನಿಂದ ಅಪಘಾತದಲ್ಲಿ ಸಾವಿನ ಸಂಭವ ಸುಮಾರು ಶೇಕಡಾ 42ರಷ್ಟೂ ತಲೆಗೆ ಪೆಟ್ಟಾಗುವ ಸಂಭವ ಶೇಕಡಾ 69ರಷ್ಟೂ ತಗ್ಗುತ್ತದೆ ಎಂದು 2008ರ ಕಾಕ್ರೇನ್ ಪರಿಶೀಲನೆ ಹೇಳಿದೆ. ಈ ಅಂಕಿಗಳನ್ನು ಮಗನಿಗೆ ಒಪ್ಪಿಸಿದೆ. "ಗೊತ್ತಪ್ಪಾ, ಹಾಕ್ಕೊಳ್ತೀನಿ" ಎಂದ. ಅವನಮ್ಮನಿಗೆ ಆ ಮಾತು ಸಾಲಲಿಲ್ಲ.

ಗಾಡಿಯ ಬಳಿ ಕೂತು ನೋಡಿದೆ. ಮುಂದಿನ ಎರಡು ಫೋರ್ಕ್ ಕಾಲುಗಳಲ್ಲೂ ಆಯಿಲ್ ಸೀಲ್ ಹರಿದು ಎಣ್ಣೆ ಇಳಿಯುತ್ತಿತ್ತು. ಹಾಗೆ ಇಳಿದ ಎಣ್ಣೆ ಬ್ರೇಕಿನ ಡಿಸ್ಕಿಗೂ ಪ್ಯಾಡಿಗೂ ತಗಲುತ್ತದೆ. ಮೋಟಾರ್ ಸೈಕಲ್ಲನ್ನು ನಿಲ್ಲಿಸುವುದು ಬಹುಪಾಲು ಮುಂದಿನ ಬ್ರೇಕೇ. ಓಡಿಸಬೇಡ ಎಂದರೆ ಕೇಳುವ ವಯಸ್ಸಲ್ಲ. ಹಾಗಿರುವಾಗ ಆ ಬ್ರೇಕಿನ ಮೇಲೆ ಎಣ್ಣೆ ಬೀಳದಂತೆ ನೋಡಿಕೊಳ್ಳುವುದು ನನ್ನ ಕೈಯಲ್ಲಿತ್ತು. ಒಂದು ಶನಿವಾರ ಅಪ್ಪ ಮಗ ಇಬ್ಬರೂ ತೋಳು ಮಡಿಸಿದೆವು.

ಸೀಲ್ ಬದಲಿಸಬೇಕಾದರೆ ಫೋರ್ಕಿನ ಒಳಗಿನ ಕೊಳವೆಯನ್ನೂ ಹೊರಗಿನ ಅಲ್ಯೂಮಿನಿಯಂ ಕಾಲನ್ನೂ ಬೇರ್ಪಡಿಸಬೇಕು. ಅವೆರಡನ್ನೂ ಸೇರಿಸಿ ಹಿಡಿದಿರುವುದು ಕಾಲಿನ ತಳದಿಂದ ಮೇಲಕ್ಕೆ ಹೋಗುವ ಒಂದು ಅಲನ್ ಬೋಲ್ಟ್. ಅದು ಒಳಗಿರುವ ಡ್ಯಾಂಪರ್ ರಾಡಿನ ತುದಿಯೊಳಕ್ಕೆ ತಿರುಗಿ ಕೂತಿರುತ್ತದೆ.

ಇಂಥ ಕೆಲಸಕ್ಕೆ ಕೈಹಾಕುವ ಸದಸ್ಯರು ಯಾರಾದರೂ ಇದ್ದರೆ ಅವರಿಗಾಗಿ ಕ್ರಮವನ್ನು ಹೇಳುತ್ತೇನೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಎಂಜಿನ್ನಿನ ಕೆಳಗೆ ಆಸರೆ ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಬೇಕು. ಮೇಲಿನ ಕ್ಲಾಂಪಿನ ಬೋಲ್ಟನ್ನು ಮೊದಲು ಸಡಿಲಿಸಬೇಕು, ಏಕೆಂದರೆ ಅದು ಕೊಳವೆಯನ್ನು ಹಿಂಡಿ ಮುಚ್ಚಳದ ಮರೆಯನ್ನೂ ಬಿಗಿಮಾಡಿರುತ್ತದೆ. ಕೆಳಗಿನ ಕ್ಲಾಂಪ್ ಇನ್ನೂ ಹಿಡಿದಿರುವಾಗಲೇ ಫೋರ್ಕಿನ ಮೇಲಿನ ಮುಚ್ಚಳವನ್ನು ಕಾಲು ಸುತ್ತು ಮಾತ್ರ ಸಡಿಲಿಸಿ ಹಾಗೇ ಬಿಡಬೇಕು. ಫೋರ್ಕನ್ನು ಹೊರತೆಗೆದ ಮೇಲೆ ಅದನ್ನು ಗಟ್ಟಿಯಾಗಿ ಹಿಡಿಯಲು ಜಾಗವೇ ಸಿಗುವುದಿಲ್ಲ. ಆಮೇಲೆ ಚಕ್ರ, ಮಡ್‌ಗಾರ್ಡ್ ತೆಗೆಯಬೇಕು. ಬ್ರೇಕಿನ ಕ್ಯಾಲಿಪರನ್ನು ತಂತಿ ಕಟ್ಟಿ ತೂಗುಹಾಕಬೇಕು. ರಬ್ಬರ್ ಕೊಳವೆಯಿಂದ ನೇತಾಡಲು ಬಿಡಬಾರದು.

ಅಲನ್ ಬೋಲ್ಟಿನ ತಲೆಯ ಗುಳಿಯಲ್ಲಿ ಸುಮಾರು ಐವತ್ತು ವರ್ಷದ ಮಣ್ಣು, ಚಳಿಗಾಲದ ರಸ್ತೆಯ ಉಪ್ಪು. ಸೂಜಿಯಂಥ ಮೊನೆಯಿಂದ ಅದನ್ನು ಕೆದಕಿ ತೆಗೆದೆವು. ಕೀ ಪೂರ್ತಿ ಒಳಗೆ ಕೂರದಿದ್ದರೆ ಆರು ಮೂಲೆಗಳೂ ಸವೆದು ದುಂಡಗಾಗುತ್ತವೆ. ಸವೆದ ಎಲ್ ಆಕಾರದ ಕೀ ಬೇಡ, ಸಾಕೆಟ್ಟಿಗೆ ಹಾಕುವ ಒಳ್ಳೆಯ ಬಿಟ್ ಬೇಕು. ಅದನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿ ತಿರುಗಿಸಿದೆ. ಕಟ್ ಎಂದು ಸದ್ದಾಗಿ ಬೋಲ್ಟ್ ಅಲುಗಿತು. "ಬಂತು!" ಎಂದು ಮಗ ಕೂಗಿದ. ತಿರುಗಿಸಿದೆ, ಇನ್ನೂ ತಿರುಗಿಸಿದೆ. ಹತ್ತು ಸುತ್ತು ತಿರುಗಿದರೂ ಬೋಲ್ಟ್ ಒಂದು ಕೂದಲೆಳೆಯಷ್ಟೂ ಕೆಳಗಿಳಿಯಲಿಲ್ಲ.

"ತುಕ್ಕು ಹಿಡಿದಿರ್ಬೇಕಪ್ಪಾ, ಎಣ್ಣೆ ಸ್ಪ್ರೇ ಮಾಡೋಣ" ಎಂದ ಮಗ. ಸ್ವಲ್ಪ ಯೋಚಿಸಿದರೆ ಅದು ಹೊಂದುವುದಿಲ್ಲ. ಈ ಬೋಲ್ಟಿನ ಮರೆ ಇರುವುದು ಫೋರ್ಕಿನೊಳಗಿನ ಎಣ್ಣೆಯ ನಡುವೆಯೇ. ಇದು ಸಲೀಸಾಗಿ ತಿರುಗುತ್ತಿದೆ. ಅಂದರೆ ಬೋಲ್ಟಿನ ಜೊತೆಗೆ ಒಳಗಿನ ರಾಡೂ ತಿರುಗುತ್ತಿದೆ. ಮರೆಗೆ ಹಾಕಿರುವ ಅಂಟು ಇವೆರಡನ್ನೂ ಒಂದುಮಾಡಿದೆ, ರಾಡನ್ನು ಒಳಗೆ ಹಿಡಿದುಕೊಳ್ಳುವವರು ಯಾರೂ ಇಲ್ಲ. ಹೊರಗಿನಿಂದ ಎಷ್ಟು ಬಲ ಹಾಕಿದರೂ ಜೋಡಿ ಕೂಡಿಯೇ ಸುತ್ತುತ್ತದೆ.

ನನ್ನ ಕ್ಲಿನಿಕ್ಕಿನಲ್ಲಿ ಇಂಥದ್ದು ವಾರಕ್ಕೊಂದಾದರೂ ಬರುತ್ತದೆ. ಮೂರು ಮಾತ್ರೆ ಕೊಟ್ಟರೂ ರಕ್ತದೊತ್ತಡ ಇಳಿಯದ ರೋಗಿ. ನಾಲ್ಕನೆಯದನ್ನು ಬರೆಯುವುದು ಸುಲಭ. ಆದರೆ ಮೊದಲು ನೋಡಬೇಕಾದದ್ದು ಬೇರೆ: ಆ ಮೂರನ್ನೂ ನಿಜವಾಗಿ ನುಂಗುತ್ತಿದ್ದಾರೆಯೇ? ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿ ಅಳೆದಿದ್ದಾರೆಯೇ? ಚಿಕ್ಕ ಪಟ್ಟಿಯಲ್ಲಿ ಅಳೆದರೆ ಒತ್ತಡ ಇರುವುದಕ್ಕಿಂತ ಹೆಚ್ಚಾಗಿಯೇ ಕಾಣುತ್ತದೆ. ಜಗ್ಗದ ಕಾಯಿಲೆ ಎಂದು ಹೆಸರಿಟ್ಟ ಎಷ್ಟೋ ಕಡೆ ಕಾಯಿಲೆ ಜಗ್ಗದೆ ಇರುವುದಿಲ್ಲ, ನಮ್ಮ ಹಿಡಿತ ತಪ್ಪಿರುತ್ತದೆ.

ಸರಿ, ರಾಡನ್ನು ಹಿಡಿಯುವುದು ಹೇಗೆ? ಮೊದಲ ಉಪಾಯ ಸ್ಪ್ರಿಂಗ್. ಮೇಲಿನ ಮುಚ್ಚಳವನ್ನು ಪೂರ್ತಿ ತೆಗೆಯಬೇಡಿ ಎಂದದ್ದು ಇದಕ್ಕೇ. ಮಗ ಕಾಲನ್ನು ಮೇಲಕ್ಕೆ ಬಲವಾಗಿ ಒತ್ತಿ ಹಿಡಿದಾಗ ಒಳಗಿನ ಸ್ಪ್ರಿಂಗ್ ಕುಗ್ಗಿ ರಾಡಿನ ತಲೆಯನ್ನು ಅದುಮುತ್ತದೆ. ಜೊತೆಗೆ ಬೋಲ್ಟಿಗೆ ಹೀಟ್ ಗನ್ನಿನಿಂದ ಬಿಸಿ ಕೊಟ್ಟೆ, ಅಂಟು ಮೆತ್ತಗಾಗಲಿ ಎಂದು. ಬೆಂಕಿಯ ಜ್ವಾಲೆ ಬೇಡ, ಒಳಗೆ ಎಣ್ಣೆ ಇದೆ. ಆಮೇಲೆ ಇಂಪ್ಯಾಕ್ಟ್ ರೆಂಚ್. ಅದು ಒಂದೇ ಸಮ ತಿರುಗಿಸದೆ ಕಿರಿದಾದ ಪೆಟ್ಟುಗಳನ್ನು ಪಟಪಟನೆ ಕೊಡುತ್ತದೆ. ಪೆಟ್ಟು ಬಿದ್ದ ಆ ಕ್ಷಣದಲ್ಲಿ ಭಾರದ ರಾಡು ಬೋಲ್ಟಿನಷ್ಟು ಬೇಗ ತಿರುಗಲಾರದು, ಮರೆ ಬಿಟ್ಟುಕೊಡುತ್ತದೆ. ಬಲಗಾಲಿನ ಬೋಲ್ಟ್ ಹೀಗೆ ಬಂತು.

ಎಡಗಾಲಿನದು ಇದಕ್ಕೂ ಬಗ್ಗಲಿಲ್ಲ. ಉಳಿದದ್ದು ಹಳೆಯ ಮೇಸ್ತ್ರಿಗಳ ಉಪಾಯ, ಪೊರಕೆ ಕೋಲು. ಫೋರ್ಕನ್ನು ಹೊರತೆಗೆದು ಮೇಜಿನ ಮೇಲೆ ಮಲಗಿಸಿ ಮುಚ್ಚಳ ತೆಗೆದೆವು. ಇಲ್ಲಿ ಎಚ್ಚರ ಬೇಕು: ಸ್ಪ್ರಿಂಗ್ ಅದುಮಿಕೊಂಡಿರುತ್ತದೆ, ಮುಖ ಅಡ್ಡ ತರದೆ ಅಂಗೈಯಲ್ಲಿ ಒತ್ತಿಕೊಂಡೇ ಕೊನೆಯ ಸುತ್ತು ಬಿಡಿಸಬೇಕು. ಸ್ಪ್ರಿಂಗ್ ತೆಗೆದು, ಎಣ್ಣೆ ಬಗ್ಗಿಸಿ, ಮರದ ಕೋಲಿನ ತುದಿಯನ್ನು ಚಾಕುವಿನಿಂದ ಚೂಪು ಮಾಡಿ ಮೇಲಿನಿಂದ ಕೊಳವೆಯೊಳಕ್ಕೆ ತೂರಿಸಿದರೆ ಅದು ರಾಡಿನ ತಲೆಯ ತೂತಿನಲ್ಲಿ ಬೆಣೆಯಂತೆ ಕೂರುತ್ತದೆ. ಆದರೆ ಈಗ ಕಾಲನ್ನು ಹಿಡಿಯಲು ಒಬ್ಬ, ತಿರುಗಿಸಲು ಒಬ್ಬ, ಕೋಲನ್ನು ಒತ್ತಿ ಹಿಡಿಯಲು ಇನ್ನೊಬ್ಬರು ಬೇಕು.

"ಅಮ್ಮಾ" ಎಂದು ಮಗ ಕರೆದ. ಕರೆಯುವಾಗ ಅವನ ದನಿ ಎಂಟು ವರ್ಷದವನದಾಗಿತ್ತು.

ಬಂದಳು. ನೋಡಿದಳು. "ನನ್ನ ಪೊರಕೆ ಕಡ್ಡೀನ ಹಾಳು ಮಾಡಿದ್ದೂ ಅಲ್ದೆ, ನಾನೇ ಹಿಡೀಬೇಕಾ?" ಎಂದಳು. ಹಿಡಿಯುವ ಮೊದಲು ಎರಡು ಷರತ್ತು ಹಾಕಿದಳು. ತರಬೇತಿ ಕೋರ್ಸು ಮುಗಿಸುವ ತನಕ ಗಾಡಿ ಗರಾಜು ದಾಟಬಾರದು. ಹೆಲ್ಮೆಟ್ ಇಲ್ಲದೆ ಒಂದು ದಿನ ಕಂಡರೂ ಬೀಗದಕೈ ಅವಳ ಕೈಗೆ. ಮಗ ಎರಡಕ್ಕೂ ತಕರಾರಿಲ್ಲದೆ ಒಪ್ಪಿದ. ಆಕೆ ಸೆರಗು ಸಿಕ್ಕಿಸಿಕೊಂಡು ಇಡೀ ಮೈಭಾರ ಹಾಕಿ ಕೋಲನ್ನು ಒತ್ತಿದಳು, ಮಗ ಕಾಲನ್ನು ತಬ್ಬಿ ಹಿಡಿದ, ನಾನು ತಿರುಗಿಸಿದೆ. ಎರಡು ಸುತ್ತಿಗೆ ಬೋಲ್ಟ್ ಕೆಳಗಿಳಿಯಿತು.

ಹೊಸ ಸೀಲ್, ಬೋಲ್ಟಿನ ತಲೆಗೆ ಹೊಸ ತಾಮ್ರದ ವಾಷರ್, ಮರೆಗೆ ಒಂದು ತೊಟ್ಟು ಹೊಸ ಅಂಟು, ಎರಡೂ ಕಾಲಿಗೆ ಅಳೆದು ಸಮನಾಗಿ ಎಣ್ಣೆ. ಬ್ರೇಕಿಗೆ ಹೊಸ ಪ್ಯಾಡ್. ಸರ್ವೀಸ್ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ, ಟಾರ್ಕ್ ರೆಂಚಿನಿಂದ. ಸೆಪ್ಟೆಂಬರಿನಲ್ಲಿ ಮಗ ಕೋರ್ಸು ಮುಗಿಸಿದ. ಈಗ ಭಾನುವಾರ ಬೆಳಗ್ಗೆ ಹೊರಟಾಗ ಅವನಮ್ಮ ಬಾಗಿಲ ತನಕ ಬಂದು ಹೆಲ್ಮೆಟ್ಟಿನ ಪಟ್ಟಿಯನ್ನು ತಾನೇ ಎಳೆದು ನೋಡುತ್ತಾಳೆ. ಅವನು ತಲೆ ಬಗ್ಗಿಸಿ ನಿಲ್ಲುತ್ತಾನೆ. ಹಿಂತಿರುಗುವ ತನಕ ನಾವಿಬ್ಬರೂ ಕಾಫಿ ಹಿಡಿದು ಕೂತಿರುತ್ತೇವೆ. ಪತ್ರಿಕೆಯ ಪುಟ ಮಾತ್ರ ಮುಂದೆ ಹೋಗುವುದಿಲ್ಲ.

ಕೂಟದ ಸದಸ್ಯರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಗಾಡಿ ಇದ್ದರೆ, ಇಂಪ್ಯಾಕ್ಟ್ ರೆಂಚೂ ಚೂಪು ಮಾಡಿದ ಪೊರಕೆ ಕೋಲೂ ನನ್ನ ಗರಾಜಿನಲ್ಲಿವೆ, ಒಯ್ದು ವಾಪಸು ಕೊಡಬಹುದು. ಕೋಲು ಹಿಡಿಯುವವರನ್ನು ಮಾತ್ರ ನಿಮ್ಮ ಮನೆಯಲ್ಲೇ ಹುಡುಕಿಕೊಳ್ಳಬೇಕು.